ಜರ್ಮನಿಯ ಸಂಬಳ: ಕೈಗೆ ಎಷ್ಟು ಬರುತ್ತದೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಉದ್ಯೋಗ ಪುಟದಲ್ಲಿ ಜರ್ಮನಿಯ ನರ್ಸ್ ಕೆಲಸದ ಸುದ್ದಿ ಬಂದಾಗಲೆಲ್ಲ ನನ್ನ ತಂಗಿ ಅದರ ಫೋಟೊ ತೆಗೆದು ನನಗೆ ಕಳಿಸುತ್ತಾಳೆ. ಅವಳದು ಈಗ ನರ್ಸಿಂಗ್ ಕೊನೆಯ ವರ್ಷ. ಪ್ರತಿ ಸಲವೂ ಒಂದೇ ಪ್ರಶ್ನೆ, "ಅಕ್ಕಾ, ಇಷ್ಟು ಯೂರೊ ನಿಜವಾಗಿ ಕೊಡ್ತಾರಾ?" ಕೊಡುತ್ತಾರೆ, ಸುಳ್ಳಲ್ಲ. ಆದರೆ ಅಲ್ಲಿ ಅಚ್ಚಾಗುವುದು ಬ್ರುಟ್ಟೊ, ಅಂದರೆ ತೆರಿಗೆ, ವಿಮೆ ಹಿಡಿಯುವುದಕ್ಕೆ ಮೊದಲಿನ ಸಂಬಳ. ಬ್ಯಾಂಕಿಗೆ ಬೀಳುವುದು ನೆಟ್ಟೊ. ಈ ಎರಡು ಪದಗಳ ನಡುವೆ ಎಷ್ಟು ದೂರ ಇದೆ ಅಂತ ನನಗೆ ಇಲ್ಲಿಗೆ ಬರುವ ಮೊದಲು ಯಾರೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

ನಾನು 2025ರ ಮಾರ್ಚ್‌ನಲ್ಲಿ ಜರ್ಮನಿಯ ಕಾಸೆಲ್ ನಗರಕ್ಕೆ ಬಂದೆ. ನಮ್ಮ ನರ್ಸಿಂಗ್ ಸರ್ಟಿಫಿಕೇಟಿಗೆ ಇಲ್ಲಿ ಪೂರ್ತಿ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿ ಕೆಲಸ ಮಾಡಬೇಕು. ಒಪ್ಪಂದದಲ್ಲಿ ತಿಂಗಳಿಗೆ 2,700 ಯೂರೊ ಬ್ರುಟ್ಟೊ ಅಂತ ಇತ್ತು. ಕಳಿಸಿಕೊಟ್ಟ ಏಜೆನ್ಸಿಯವರು ಅದನ್ನು ರೂಪಾಯಿಗೆ ಗುಣಿಸಿ ತೋರಿಸಿದರು. ನಾನೂ ಅದನ್ನೇ ನಂಬಿ, ತಿಂಗಳಿಗೆ ಇಷ್ಟು ಸಾಲ ತೀರಿಸುತ್ತೇನೆ ಅಂತ ಪಪ್ಪನಿಗೆ ಮಾತು ಕೊಟ್ಟು ವಿಮಾನ ಹತ್ತಿದೆ.

ಮೊದಲ ತಿಂಗಳು ಖಾತೆಗೆ ಬಿದ್ದದ್ದು 1,100 ಯೂರೊ ಚಿಲ್ಲರೆ. ತಪ್ಪಾಗಿ ಬೇರೆ ಯಾರದೋ ಸಂಬಳ ಬಂದಿದೆ ಅಂದುಕೊಂಡೆ. ಸಂಬಳ ಚೀಟಿ ಬಿಡಿಸಿ ನೋಡಿದರೆ ಹೆಸರು ನನ್ನದೇ. ಕೆಳಗೆ ಉದ್ದುದ್ದ ಪದಗಳು, ಎದುರಿಗೆ ಅಂಕೆಗಳು. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸು ಮಾಡಿದವಳು ನಾನು. ಹೋಟೆಲ್ ರೂಮ್ ಸರಿ ಇಲ್ಲ ಅಂತ ದೂರು ಬರೆಯುವುದನ್ನು ತರಗತಿಯಲ್ಲಿ ಕಲಿಸಿದ್ದರು. ಸಂಬಳ ಚೀಟಿ ಓದುವುದನ್ನು ಕಲಿಸಿರಲಿಲ್ಲ. ಆ ರಾತ್ರಿ ಪಪ್ಪ ಫೋನ್ ಮಾಡಿದಾಗ ಡ್ಯೂಟಿಯಲ್ಲಿದ್ದೇನೆ ಅಂತ ಹೇಳಿ ಇಟ್ಟುಬಿಟ್ಟೆ.

ನನ್ನನ್ನು ಕೂರಿಸಿ ಬಿಡಿಸಿ ಹೇಳಿದವರು ವಾರ್ಡಿನ ಹಿರಿಯ ಮಲಯಾಳಿ ನರ್ಸ್. ನಾವೆಲ್ಲ ಅವರನ್ನು ಚೇಚಿ, ಅಂದರೆ ಅಕ್ಕ, ಅಂತಲೇ ಕರೆಯುವುದು. ಕೇರಳದಿಂದ ಇಲ್ಲಿಗೆ ನರ್ಸ್‌ಗಳು 1960ರ ದಶಕದಿಂದಲೇ ಬರುತ್ತಿದ್ದಾರೆ. ಅವರಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಬಂದ ತಿಳಿವಳಿಕೆ ಇದೆ. ರಾತ್ರಿ ಪಾಳಿಯ ನಡುವೆ ಒಂದು ಗಂಟೆ ಬಿಡುವಿತ್ತು. ಚೇಚಿ ನನ್ನ ಚೀಟಿಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ ತೆಗೆದುಕೊಂಡು ಸಾಲು ಸಾಲಾಗಿ ಗುರುತು ಹಾಕಿದರು.

ಮೊದಲು ಅವರ ಬೆರಳು ನಿಂತದ್ದು ಶ್ಟೊಯರ್‌ಕ್ಲಾಸ್ಸೆ ಅನ್ನುವಲ್ಲಿ, ಅಂದರೆ ತೆರಿಗೆ ವರ್ಗ. ಅಲ್ಲಿ 6 ಅಂತ ಇತ್ತು. "ನಿನಗೆ ಇಲ್ಲಿ ಇರಬೇಕಾದದ್ದು 1, ಮೋಳೆ (ಮಗಳೇ). ತೆರಿಗೆ ನಂಬರ್ ಕೊಟ್ಟಿಲ್ವಾ?" ಅಂತ ಕೇಳಿದರು. ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಮೇಲೆ 11 ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದನ್ನು ಸಂಬಳ ವಿಭಾಗಕ್ಕೆ ಕೊಡದಿದ್ದರೆ 6ನೇ ವರ್ಗದಲ್ಲಿ ತೆರಿಗೆ ಹಿಡಿಯುತ್ತಾರೆ. ಅದು ಎರಡನೇ ಕೆಲಸ ಮಾಡುವವರ ವರ್ಗ, ಏನೂ ವಿನಾಯಿತಿ ಇಲ್ಲ. ನನ್ನ ಸಂಬಳಕ್ಕೆ 1ನೇ ವರ್ಗದಲ್ಲಿ ಆದಾಯ ತೆರಿಗೆ ಸುಮಾರು 240 ಯೂರೊ ಆಗುತ್ತಿತ್ತು. 6ರಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಹಿಡಿದಿದ್ದರು. ನಂಬರಿನ ಕಾಗದ ಹಾಸ್ಟೆಲ್‌ನ ಅಂಚೆ ಪೆಟ್ಟಿಗೆಯಲ್ಲಿ ಬಂದು ಬಿದ್ದಿತ್ತು. ಪೆಟ್ಟಿಗೆ ಮೇಲೆ ನನ್ನ ಹೆಸರೇ ಅಂಟಿಸಿರಲಿಲ್ಲ, ಹಾಗಾಗಿ ನಾನು ತೆಗೆದು ನೋಡಿಯೂ ಇರಲಿಲ್ಲ. ಮಾರನೇ ದಿನವೇ ಕೊಟ್ಟೆ. ಮುಂದಿನ ತಿಂಗಳ ಚೀಟಿಯಲ್ಲಿ ಹಿಂದಿನ ತಿಂಗಳ ಲೆಕ್ಕ ತಿದ್ದಿ, ಜಾಸ್ತಿ ಹಿಡಿದದ್ದನ್ನು ಸೇರಿಸಿ ಕೊಟ್ಟರು.

ಎರಡನೆಯದು ಕಿರ್ಷನ್‌ಶ್ಟೊಯರ್, ಚರ್ಚ್ ತೆರಿಗೆ. ನಾವು ಕ್ಯಾಥೊಲಿಕರು. ವಿಳಾಸ ನೋಂದಾಯಿಸುವ ಅರ್ಜಿಯಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ ಇತ್ತು. ಯೋಚನೆ ಮಾಡುವುದೇನಿದೆ, ಇರುವುದನ್ನು ಬರೆದೆ. ಅಲ್ಲಿ ರೋಮನ್ ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ ಇನ್ನೂ 9% ಸಂಬಳದಿಂದಲೇ ಹೋಗುತ್ತದೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಮಾತ್ರ 8%. ಜರ್ಮನಿಯ ಹಳೆಯ ಸಂವಿಧಾನವಾದ 1919ರ ವೈಮರ್ ಸಂವಿಧಾನದ ಕಾಲದಿಂದಲೂ ಚರ್ಚುಗಳಿಗೆ ಈ ಹಕ್ಕು ಉಳಿದುಕೊಂಡು ಬಂದಿದೆಯಂತೆ. ನನಗೆ ತಿಂಗಳಿಗೆ 21 ಯೂರೊ ಆಗುತ್ತದೆ. ಬೇಡ ಅಂದರೆ ಚರ್ಚ್ ಬಿಟ್ಟೆ ಅಂತ ಸರಕಾರಿ ಕಚೇರಿಯಲ್ಲಿ ಬರೆದು ಕೊಡಬೇಕು. ಅದು ನನ್ನಿಂದ ಆಗದ ಕೆಲಸ. ಇಲ್ಲಿನ ಬಿಷಪರ ನಿಯಮದ ಪ್ರಕಾರ ಹಾಗೆ ಬಿಟ್ಟವರಿಗೆ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದವೂ ಸಿಗುವುದಿಲ್ಲ. ಹಾಗಾಗಿ ಕೊಡುತ್ತಿದ್ದೇನೆ, ಸಂತೋಷದಿಂದಲೇ. ಆದರೆ ಆ ಕಾಲಂ ತುಂಬುವಾಗ ಇದರ ಅರ್ಥ ಗೊತ್ತಿರಬೇಕಿತ್ತು, ಅಲ್ವಾ?

ಇನ್ನು ನಾಲ್ಕು ವಿಮೆಗಳು. ಬ್ರುಟ್ಟೊ ಸಂಬಳದಲ್ಲಿ ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%. ಆರೋಗ್ಯಕ್ಕೆ 7.3%, ಅದರ ಮೇಲೆ ವಿಮಾ ಸಂಸ್ಥೆ ಕೇಳುವ ಹೆಚ್ಚುವರಿಯಲ್ಲಿ ಅರ್ಧ. ಮುದುಕರ, ಹಾಸಿಗೆ ಹಿಡಿದವರ ಆರೈಕೆಯ ವಿಮೆಗೆ 2025ರ ದರದಲ್ಲಿ 1.8%, 23 ದಾಟಿ ಮಕ್ಕಳಿಲ್ಲದವರಿಗೆ ಮತ್ತೆ 0.6%. ಎಲ್ಲ ಕೂಡಿಸಿದರೆ ನನ್ನ 2,700ರಲ್ಲಿ 580 ಯೂರೊ. ಆದರೆ ಇದೇ ಹೊತ್ತಿಗೆ ಆಸ್ಪತ್ರೆಯವರೂ ತಮ್ಮ ಕೈಯಿಂದ ಹೆಚ್ಚುಕಡಿಮೆ ಇಷ್ಟೇ ಹಣ ಕಟ್ಟುತ್ತಾರೆ. ಅದು ನನಗೆ ಚೇಚಿ ಹೇಳಿದಾಗಲೇ ಗೊತ್ತಾದದ್ದು. ಎಲ್ಲ ಸರಿಯಾಗಿ ಹಿಡಿದ ಮೇಲೆ ನನ್ನ ನೆಟ್ಟೊ ಸುಮಾರು 1,860. ಅದರಲ್ಲಿ ಹಾಸ್ಟೆಲ್ ಬಾಡಿಗೆ 380 ಯೂರೊವನ್ನು ಚೀಟಿಯಲ್ಲೇ ಮುರಿದುಕೊಳ್ಳುತ್ತಾರೆ. ಉಳಿದದ್ದು 1,480. ಇದು ನಿಜವಾದ ಸಂಬಳ. ಪಪ್ಪನಿಗೆ ಈ ಅಂಕೆ ಹೇಳಿ ಬಂದಿದ್ದರೆ ನಮ್ಮಿಬ್ಬರಿಗೂ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಈ ಹಣ ಸುಮ್ನೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಗಸ್ಟ್‌ನಲ್ಲಿ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ವಿಮೆ ಕಾರ್ಡ್ ತೋರಿಸಿದೆ, ಅಷ್ಟೇ. ನಾಲ್ಕು ದಿನಕ್ಕೆ ದಿನಕ್ಕೆ 10 ಯೂರೊದಂತೆ 40 ಯೂರೊ ಕಟ್ಟಿದೆ. ಮನೆಯಲ್ಲಿ ಮಲಗಿದ್ದ ದಿನಗಳ ಸಂಬಳವೂ ಬಂತು. ಕಾಯಿಲೆ ಬಿದ್ದರೆ ಆರು ವಾರದವರೆಗೆ ಕೆಲಸ ಕೊಟ್ಟವರೇ ಸಂಬಳ ಕೊಡಬೇಕು ಅಂತ ಇಲ್ಲಿ ಕಾನೂನಿದೆ. ಆಸ್ಪತ್ರೆ ಬಿಲ್ ನೋಡಿ ಮನೆಮಂದಿ ಒಡವೆ ಲೆಕ್ಕ ಹಾಕುವುದನ್ನು ನರ್ಸ್ ಆಗಿ ಕಂಡವಳು ನಾನು. ಹಿಡಿದ ಹಣ ಎಲ್ಲಿ ಹೋಗುತ್ತದೆ ಅಂತ ಆ ಹಾಸಿಗೆಯಲ್ಲಿ ಅರ್ಥವಾಯಿತು.

ಪಿಂಚಣಿ ಹಣದ ಬಗ್ಗೆ ಮಾತ್ರ ನಮ್ಮವರಲ್ಲಿ ತುಂಬಾ ತಪ್ಪು ತಿಳಿವಳಿಕೆ ಇದೆ. ವಾಪಸ್ ಹೋದರೆ ಅದು ಹೋಯಿತು ಅಂತ ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ. 60 ತಿಂಗಳಿಗಿಂತ ಕಡಿಮೆ ಕಟ್ಟಿ ಭಾರತಕ್ಕೆ ಮರಳಿದವರು, ಬಿಟ್ಟು ಬಂದು 24 ತಿಂಗಳಾದ ಮೇಲೆ ಅರ್ಜಿ ಹಾಕಿ ತಮ್ಮ ಪಾಲನ್ನು ವಾಪಸ್ ಪಡೆಯಬಹುದು. ಕೆಲಸ ಕೊಟ್ಟವರು ಕಟ್ಟಿದ ಪಾಲು ಸಿಗುವುದಿಲ್ಲ. 60 ತಿಂಗಳು ತುಂಬಿದರೆ ವಯಸ್ಸಾದ ಮೇಲೆ ಪಿಂಚಣಿಯೇ ಬರುತ್ತದೆ, ಭಾರತದಲ್ಲಿದ್ದರೂ. ನನ್ನ ವಯಸ್ಸಿನವರಿಗೆ ಅದು 67ಕ್ಕೆ. ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಹಾಗಾಗಿ ಪಿಂಚಣಿ ವಿಮೆಯ ನಂಬರ್ ಇರುವ ಕಾಗದವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ ಅಂತ ಹೊಸಬರಿಗೆಲ್ಲ ಹೇಳುತ್ತೇನೆ.

ನನ್ನ ಜೊತೆ ಬಂದ ಒಬ್ಬರಿಗೆ ಮದುವೆಯಾಗಿದೆ, ಆರು ವರ್ಷದ ಮಗನಿದ್ದಾನೆ. ಮದುವೆಯಾದವರಿಗೆ 3ನೇ ವರ್ಗ, ತೆರಿಗೆ ಕಡಿಮೆ ಅಂತ ಯಾರೋ ಹೇಳಿದ್ದರು. ಚೀಟಿಯಲ್ಲಿ ನೋಡಿದರೆ 1. ಗಂಡ ಇಲ್ಲಿಗೆ ಬಂದು ನೆಲೆಸುವವರೆಗೆ 3 ಸಿಗುವುದಿಲ್ಲ ಅಂತ ತೆರಿಗೆ ಕಚೇರಿಯಲ್ಲಿ ಹೇಳಿದರು. ಅದಕ್ಕಿಂತ ಅವರನ್ನು ನೋಯಿಸಿದ್ದು ಇನ್ನೊಂದು ಸಾಲು. ಮಗನ ಜನನ ಪ್ರಮಾಣಪತ್ರ ಕೊಡದೆ ಇದ್ದದ್ದರಿಂದ ಮಕ್ಕಳಿಲ್ಲದವರ 0.6% ಅವರಿಗೂ ಹಿಡಿದಿದ್ದರು. ತಿಂಗಳಿಗೆ 16 ಯೂರೊ. "ಹಣ ಹೋಗ್ಲಿ, ನನಗೆ ಮಗು ಇಲ್ಲ ಅಂತ ಬರೆದಿದ್ದಾರಲ್ಲ" ಅಂತ ಅತ್ತರು. ಮಗನನ್ನು ಬಿಟ್ಟು ಬಂದು ಆಗ ಎರಡು ತಿಂಗಳಾಗಿತ್ತು. ಪ್ರಮಾಣಪತ್ರ ತರಿಸಿ ಕೊಟ್ಟ ಮೇಲೆ ಆ ಸಾಲು ಹೋಯಿತು.

ರಾತ್ರಿ ಪಾಳಿ ಮಾಡುವವರಿಗೆ ಒಂದು ಮಾತು. ರಾತ್ರಿ, ಭಾನುವಾರ, ಹಬ್ಬದ ದಿನದ ಭತ್ಯೆಗೆ ಒಂದು ಮಿತಿಯವರೆಗೆ ತೆರಿಗೆ ಇಲ್ಲ. ರಾತ್ರಿಗೆ ಗಂಟೆಯ ಸಂಬಳದ 25%, ಭಾನುವಾರಕ್ಕೆ 50%. ಆದ್ದರಿಂದ ಎರಡು ತಿಂಗಳ ಚೀಟಿ ಒಂದೇ ಥರ ಇರುವುದಿಲ್ಲ. ಎಷ್ಟು ರಾತ್ರಿ ಮಾಡಿದಿರಿ ಅಂತ ಡೈರಿಯಲ್ಲಿ ಬರೆದಿಟ್ಟು ಹೋಲಿಸಿ ನೋಡಿ. ನನಗೆ ಒಮ್ಮೆ ಮೂರು ರಾತ್ರಿ ಬಿಟ್ಟುಹೋಗಿತ್ತು. ಡೈರಿ ತೋರಿಸಿದಾಗ ಸೇರಿಸಿದರು.

ನವೆಂಬರ್‌ನಲ್ಲಿ ಮಾನ್ಯತೆಯ ಪರೀಕ್ಷೆ ಪಾಸಾಗಿ ಬ್ರುಟ್ಟೊ 3,400 ಆಯಿತು. 700 ಏರಿತು ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಈ ಸಲ ನಾನೇ ಮೊದಲು ಲೆಕ್ಕ ಹಾಕಿ ಪಪ್ಪನಿಗೆ ಹೇಳಿದೆ, ಕೈಗೆ ಬರುವುದು 400ರ ಒಳಗೆ ಅಂತ. ಸಂಬಳ ಏರಿದ ಹಾಗೆ ತೆರಿಗೆಯ ದರವೂ ಏರುತ್ತದೆ. ಹೊಸ ವರ್ಷದಲ್ಲಿ 2025ರ ತೆರಿಗೆ ಲೆಕ್ಕವನ್ನು ಎಲ್ಸ್ಟರ್ ಅನ್ನುವ ಸರಕಾರಿ ಪೋರ್ಟಲ್‌ನಲ್ಲಿ ಚೇಚಿಯ ಮಗಳ ಸಹಾಯದಿಂದ ಸಲ್ಲಿಸಿದೆ. ತಿಂಗಳು ತಿಂಗಳು ಹಿಡಿಯುವಾಗ ಇಡೀ ವರ್ಷ ದುಡಿದವರ ಹಾಗೆ ಲೆಕ್ಕ ಹಾಕುತ್ತಾರೆ, ನಾನು ದುಡಿದದ್ದು ಹತ್ತು ತಿಂಗಳು. ವಿಮಾನದ ಟಿಕೆಟ್, ಮಾನ್ಯತೆಯ ಫೀಸು, ಸರ್ಟಿಫಿಕೇಟ್ ಅನುವಾದದ ರಸೀದಿಗಳನ್ನೂ ತೋರಿಸಿದೆ. ಹಿಡಿದದ್ದರಲ್ಲಿ ಒಂದು ಭಾಗ ವಾಪಸ್ ಬಂತು. ಕಡ್ಡಾಯವಿಲ್ಲದಿದ್ದರೂ, ಆ ವರ್ಷ ಮುಗಿದು ನಾಲ್ಕು ವರ್ಷದವರೆಗೆ ಹೀಗೆ ಸಲ್ಲಿಸಬಹುದು. ರಸೀದಿ ಬಿಸಾಡಿದವರಿಗೆ ಮಾತ್ರ ಕಷ್ಟ.

ಸಂಪಾದಕರೇ, ನನ್ನ ಕೋರಿಕೆ ಎರಡು. ಉದ್ಯೋಗ ಪುಟದಲ್ಲಿ ವಿದೇಶದ ಸಂಬಳ ಬರೆಯುವಾಗ ಬ್ರುಟ್ಟೊ ಪಕ್ಕದಲ್ಲಿ, ಒಂಟಿಯಾಗಿ ಬರುವವರ ಕೈಗೆ ಸುಮಾರು ಎಷ್ಟು ಅಂತಲೂ ಹಾಕಿ. ಬಾಡಿಗೆ ಅದರಲ್ಲೇ ಮುರಿಯುತ್ತಾರಾ ಅಂತ ಏಜೆನ್ಸಿಯವರನ್ನು ಕೇಳಿ ಬರೆಯಿರಿ. ಜರ್ಮನ್ ಕಲಿಸುವ ಕೇಂದ್ರದವರು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಒಂದು ದಿನದ ತರಗತಿಯಲ್ಲಿ ಸಂಬಳ ಚೀಟಿಯನ್ನು ಪಾಠವಾಗಿ ತೆಗೆದುಕೊಳ್ಳಿ. ಮಕ್ಕಳು ಆ ಪದಗಳನ್ನು ಮೊದಲ ಸಲ ನೋಡುವುದು ಸಂಬಳದ ದಿನ ಆಗಬಾರದು.

ನನ್ನ ಮೊದಲ ಚೀಟಿ ಇನ್ನೂ ನನ್ನ ಹತ್ತಿರ ಇದೆ, ಚೇಚಿಯ ಪೆನ್ಸಿಲ್ ಗುರುತುಗಳ ಸಮೇತ. ಹೆಸರು ಮತ್ತು ನಂಬರ್ ಮುಚ್ಚಿ ಅದರ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಅಚ್ಚು ಮಾಡಿ. ತಂಗಿಗೆ ಒಂದು ಪ್ರತಿ ಆಗಲೇ ಕಳಿಸಿದ್ದೇನೆ.

ಇಂತಿ,
ಒಬ್ಬ ನರ್ಸ್
ಕಾಸೆಲ್, ಜರ್ಮನಿ