ಮಗಳಿಗೊಂದು ಪತ್ರ: ವ್ಯತ್ಯಾಸ ಎಷ್ಟು?

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತಿದ್ದೆ ಅಮ್ಮ, ಆ ರಿಪೋರ್ಟಿನ ಒಂದು ಸಾಲೂ ಬರೆಯೋಕಾಗ್ಲಿಲ್ಲ. ತಲೆಗೆ ಬೀಗ ಹಾಕಿದ ಹಾಗಿತ್ತು." ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದೆ. "ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇನೋ." ಮೊದಲನೆಯದನ್ನು ಕೇಳಿ ನಾನು ಗಾಬರಿಯಾಗಲಿಲ್ಲ. ಎರಡನೆಯದು ನಿದ್ದೆ ಕೆಡಿಸಿತು. ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ, ಆದರೆ ಹೇಳಬೇಕಾದ್ದು ಹಾಗೇ ಉಳಿಯಿತು. ಅದಕ್ಕೇ ಈ ಪತ್ರ.

ನಾನು ಲೆಕ್ಕದ ವಿಭಾಗಕ್ಕೆ ಸೇರಿದ ಮೊದಲ ವರ್ಷದ್ದು ಇದು, ನಿನಗೆ ಹೇಳಿಲ್ಲ. ಆಗ ಎಲ್ಲವೂ ಕೈಬರಹದ ಲೆಡ್ಜರ್, ಅಂದರೆ ಖಾತೆ ಪುಸ್ತಕ. ವರ್ಷದ ಕೊನೆಗೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ತೆಗೆದರೆ ಡೆಬಿಟ್ ಕಡೆಯ ಮೊತ್ತಕ್ಕೂ ಕ್ರೆಡಿಟ್ ಕಡೆಯ ಮೊತ್ತಕ್ಕೂ ಟ್ಯಾಲಿ ಆಗಬೇಕು. ನನ್ನದು ಆಗಲಿಲ್ಲ. ಮೊದಲ ಪುಟದಿಂದ ಮತ್ತೆ ಕೂಡಿದೆ. ಆಗಲಿಲ್ಲ. ಮತ್ತೆ ಕೂಡಿದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಕಣ್ಣಿಗೆ ಕಾಣುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಟಿಕ್ ಮೇಲೆ ಟಿಕ್ ಹಾಕಿ ಹಾಕಿ ಆ ಕಾಲಮ್ಮಿನ ಅಂಚು ಕಪ್ಪಾಗಿತ್ತು. ಅಳು ಬರುವ ಹಾಗಿತ್ತು.

ಪಕ್ಕದ ಮೇಜಿನ ಹಿರಿಯರೊಬ್ಬರು ಎದ್ದು ಬಂದರು. ಲೆಡ್ಜರ್ ಕಡೆ ನೋಡಲೇ ಇಲ್ಲ. "ವ್ಯತ್ಯಾಸ ಎಷ್ಟು?" ಎಂದು ಕೇಳಿದರು.

"270."

"ಒಂಬತ್ತರಿಂದ ಭಾಗ ಹೋಗುತ್ತಾ?"

ಹೋಗುತ್ತದೆ. ಸರಿಯಾಗಿ ಮೂವತ್ತು ಸಲ.

"ಹಾಗಾದ್ರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬೇಕು. ಮೊದಲು ಅದನ್ನು ಮಾತ್ರ ಹುಡುಕು. ಮತ್ತೆ ಕೂಡಬೇಡ."

ಅರ್ಧ ಗಂಟೆಯೊಳಗೆ ಸಿಕ್ಕಿತು. 5,630 ಅಂತ ಬರೆಯಬೇಕಾದ ಕಡೆ 5,360 ಅಂತ ಬರೆದಿದ್ದೆ. ಅಕ್ಕಪಕ್ಕದ ಎರಡು ಅಂಕಿ ಜಾಗ ಬದಲಾಯಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಉಪಾಯ ಅದು, ನನಗೆ ಗೊತ್ತಿರಲಿಲ್ಲ ಅಷ್ಟೆ. ಅದು ಸಿಗದಿದ್ದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದೆಯಾ ನೋಡು, ಡೆಬಿಟ್ ಆಗಬೇಕಾದ್ದು ಕ್ರೆಡಿಟ್ ಕಡೆ ಹೋಗಿರಬಹುದು ಅಂತಲೂ ಹೇಳಿಕೊಟ್ಟರು.

ಮೊದಲ ದಿನ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದದ್ದು "ಯಾಕೆ ಟ್ಯಾಲಿ ಆಗ್ತಿಲ್ಲ?" ಅಂತ. ಎರಡನೇ ದಿನಕ್ಕೆ ಅದು "ನನಗ್ಯಾಕೆ ಬರಲ್ಲ?" ಅಂತ ಆಗಿಬಿಟ್ಟಿತ್ತು. ಆ ಎರಡು ಪ್ರಶ್ನೆಗೂ ಕೈಗೆ ಕೆಲಸ ಕೊಡುವ ಶಕ್ತಿ ಇರಲಿಲ್ಲ. "ವ್ಯತ್ಯಾಸ ಎಷ್ಟು?" ಅನ್ನುವುದಕ್ಕೆ ಇತ್ತು. ನೀನು ನಿನ್ನೆ ಹೇಳಿದ್ದು ನನ್ನ ಎರಡನೇ ದಿನದ ಪ್ರಶ್ನೆ, ಪುಟ್ಟಿ. ಅದಕ್ಕೆ ಉತ್ತರ ಹುಡುಕುತ್ತಾ ಕೂರಬೇಡ.

ನಾಳೆ ತಲೆ ನಿಂತುಹೋದಾಗ ಒಂದು ಕಾಗದ ತೆಗೆದುಕೋ. "ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ" ಅಂತ ಶುರುಮಾಡಿ ಒಂದು ವಾಕ್ಯ ಪೂರ್ತಿ ಬರೆ. "ರಿಪೋರ್ಟ್ ಆಗ್ತಿಲ್ಲ" ಅಂತ ಬರೆದರೆ ಸಾಲದು. "ಮೂರನೇ ಪುಟದಲ್ಲಿ ಎರಡು ವರ್ಷದ ಅಂಕಿ ಹೋಲಿಸಬೇಕು, ಹಳೇ ವರ್ಷದ್ದು ಯಾರ ಹತ್ತಿರ ಇದೆ ಗೊತ್ತಿಲ್ಲ", ಇಷ್ಟು ಬಿಡಿಸಿ ಬರೆ. ಬರೆಯುತ್ತಿದ್ದ ಹಾಗೇ ಎಷ್ಟೋ ಸಲ ಗಂಟು ಸಡಿಲವಾಗುತ್ತದೆ. ಯಾಕೆಂದರೆ ಅದು ನಿನ್ನ ತಲೆಯ ತೊಂದರೆಯೇ ಅಲ್ಲ, ಯಾರಿಗೋ ಒಂದು ಫೋನ್ ಮಾಡಬೇಕಿತ್ತು ಅಷ್ಟೇ ಅಂತ ಗೊತ್ತಾಗುತ್ತದೆ.

ಕೆಲವು ಸಲ ಆ ವಾಕ್ಯ ಬೇರೆ ಥರ ಬರುತ್ತದೆ. "ಇದನ್ನು ಓದಿ ಅವರು ಏನಂದುಕೊಳ್ಳುತ್ತಾರೋ ಅಂತ ಭಯ." ಅದನ್ನೂ ಹಾಗೇ ಬರೆ. ಭಯಕ್ಕೆ ಇನ್ನಷ್ಟು ಮಾಹಿತಿ ಓದುವುದು ಮದ್ದಲ್ಲ. ನೀನು ನಿನ್ನೆ ಇಡೀ ದಿನ ಮಾಡಿದ್ದು ಅದೇ ಅಲ್ವಾ? ಆಗ ರಿಪೋರ್ಟನ್ನು ಅವರಿಗೆ ಬರೆಯಬೇಡ, ನನಗೆ ಬರೆ. "ಅಮ್ಮ, ಈ ವರ್ಷ ಏನಾಯ್ತು ಗೊತ್ತಾ" ಅಂತ ಶುರುಮಾಡು. ಹತ್ತು ಸಾಲು ಆದ ಮೇಲೆ ಮೊದಲ ಸಾಲು ಅಳಿಸಿದರಾಯಿತು.

ಕೂರುವುದೇ ಕಷ್ಟ ಅನಿಸಿದ ದಿನ ಹೊತ್ತನ್ನು ಚಿಕ್ಕದು ಮಾಡು. ಪೊಮೊಡೊರೊ ಅಂತ ನೀನೇ ಒಮ್ಮೆ ಹೇಳಿದ್ದೆ, 25 ನಿಮಿಷ ಕೆಲಸ, ಐದು ನಿಮಿಷ ಬಿಡುವು. ಅದನ್ನು ಶುರುಮಾಡಿದ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದಿನ ಮೇಲೆ ಗಮನವೇ ನಿಲ್ಲದ ವಿದ್ಯಾರ್ಥಿಯಾಗಿದ್ದ. ಹತ್ತೇ ಹತ್ತು ನಿಮಿಷ ನಿಜವಾಗಿ ಓದಬಲ್ಲೆಯಾ ಅಂತ ತನಗೆ ತಾನೇ ಪಂದ್ಯ ಕಟ್ಟಿ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಮುಂದಿಟ್ಟುಕೊಂಡನಂತೆ. ಇಟಾಲಿಯನ್ನಿನಲ್ಲಿ ಟೊಮೆಟೊಗೆ ಪೊಮೊಡೊರೊ. ನನಗೆ ಅದರಲ್ಲಿ ಇಷ್ಟವಾಗುವುದು ಆ 25 ಅಲ್ಲ, ಈ ಹತ್ತು.

ಇನ್ನು, ಕೆಲಸದ ಮಧ್ಯೆ ಮಧ್ಯೆ ಕರೆದು ಎಬ್ಬಿಸುತ್ತಾರೆ, ವಾಪಸ್ ಬಂದರೆ ಎಲ್ಲಿದ್ದೆ ಅನ್ನೋದೇ ಮರೆತಿರುತ್ತದೆ ಅಂದೆಯಲ್ಲ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದಂತೆ. ಅದು ಸೋಮಾರಿತನವಲ್ಲ, ಮನಸ್ಸು ಇರುವುದೇ ಹಾಗೆ. 2018ರಲ್ಲಿ ಅವರೇ ಥೆರೆಸಾ ಗ್ಲೋಂಬ್ ಜೊತೆ ಸೇರಿ ಇನ್ನೊಂದು ವಿಷಯ ಕಂಡುಕೊಂಡರು. ಏಳುವ ಮೊದಲು ಎಲ್ಲಿಗೆ ನಿಲ್ಲಿಸಿದೆ, ವಾಪಸ್ ಬಂದು ಏನು ಮಾಡಬೇಕು ಅಂತ ಗುರುತು ಹಾಕಿಕೊಂಡರೆ, ಮುಂದಿನ ಕೆಲಸದಲ್ಲಿ ಮನಸ್ಸು ಚೆನ್ನಾಗಿ ನಿಲ್ಲುತ್ತದೆ. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ನಾನು ಮೂವತ್ತು ವರ್ಷ ಲೆಡ್ಜರಿನೊಳಗೆ ಇಡುತ್ತಿದ್ದ ಚೀಟಿ ಅದೇ. "14ನೇ ಪುಟ, ಕೆಳಗಿಂದ ಎರಡನೇ ಸಾಲು, ವೋಚರ್ ನೋಡಬೇಕು." ಯಾರು ಕರೆದರೂ "ಅರ್ಧ ನಿಮಿಷ" ಅಂತ ಹೇಳಿ ಚೀಟಿ ಬರೆದೇ ಏಳುತ್ತಿದ್ದೆ. ನೀನೂ ಕೇಳು. ಅರ್ಧ ನಿಮಿಷ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋನನ್ನು ಕೈಗೆಟುಕದ ಕಡೆ ಇಡು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಮಂಪರು ಬಂದರೆ ನಿನ್ನನ್ನು ನೀನು ಬೈದುಕೊಳ್ಳಬೇಡ. ಅದು ಬರೀ ಊಟದ ಭಾರವಲ್ಲ, ಊಟ ಬಿಟ್ಟರೂ ಮೈಯೊಳಗಿನ ಗಡಿಯಾರದಿಂದಾಗಿ ಆ ಹೊತ್ತಿಗೆ ಚುರುಕು ಸ್ವಲ್ಪ ಇಳಿಯುತ್ತದೆ. ಕಷ್ಟದ ಭಾಗವನ್ನು ಬೆಳಿಗ್ಗೆಯೇ ಹಿಡಿ, ಆ ಹೊತ್ತಿಗೆ ಫೈಲ್ ಜೋಡಿಸುವಂಥ ಕೆಲಸ ಇಟ್ಟುಕೋ. ಇಲ್ಲದಿದ್ದರೆ ಎದ್ದು ಹತ್ತು ನಿಮಿಷ ಸುಮ್ನೆ ನಡೆದು ಬಾ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ಹೀಗೇ ಇದ್ದರೆ, ರಾತ್ರಿ ನಿದ್ದೆಯೂ ಬರದಿದ್ದರೆ, ಇಷ್ಟದ ಯಾವುದರಲ್ಲೂ ಮನಸ್ಸೇ ಇಲ್ಲ ಅನಿಸಿದರೆ, ಚೀಟಿ ಸಾಕಾಗುವುದಿಲ್ಲ. ಆಗ ಡಾಕ್ಟರ ಹತ್ತಿರ ಹೋಗಬೇಕು. ನನಗೆ ಹೇಳು, ನಾನೂ ಜೊತೆಗೆ ಬರುತ್ತೇನೆ. ಅಮ್ಮನಿಗೆ ಯಾಕೆ ಚಿಂತೆ ಅಂತ ಮುಚ್ಚಿಡಬೇಡ.

ಆ ಹಿರಿಯರು ಅವತ್ತು ನನ್ನ ಲೆಡ್ಜರನ್ನು ತಾವೇ ತೆಗೆದುಕೊಂಡು ಸರಿ ಮಾಡಿಕೊಡಬಹುದಿತ್ತು. ಮಾಡಲಿಲ್ಲ. ನಾನೂ ಹೋದ ವಾರ ನಿನ್ನ ರಿಪೋರ್ಟ್ ಕಳಿಸು, ನೋಡ್ತೀನಿ ಅಂದಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಂಡೆ. ಭಾನುವಾರ ಫೋನ್ ಮಾಡಿದಾಗ ಕಾಗದದಲ್ಲಿ ಬರೆದ ಆ ಒಂದು ವಾಕ್ಯ ಮಾತ್ರ ಓದಿ ಹೇಳು. ನಾನು ಪೆನ್ಸಿಲ್ ಹಿಡಿದು ಕೂತಿರುತ್ತೇನೆ.

ನಿನ್ನ
ಅಮ್ಮ