ಮೂರು ಪಾಯಿಂಟ್ ಮತ್ತು ಬೈತಖೋಲ್‌ನ ಐಸ್ ಪ್ಲಾಂಟ್

ಈ ಸೋಮವಾರದ ಡಬ್ಲ್ಯುಟಿಎ ಪಟ್ಟಿಯಲ್ಲಿ, ಅಂದರೆ ಮಹಿಳಾ ಟೆನಿಸ್‌ನ ವಿಶ್ವ ರ್ಯಾಂಕಿಂಗ್‌ನಲ್ಲಿ, ನನ್ನ ಹೆಸರು ಬಂದಿದೆ. ಸಾವಿರದ ಆಚೆ ಎಲ್ಲೋ, ತುಂಬ ಕೆಳಗೆ. ಆದರೂ ಬಂದಿದೆ! ಬೆಳಿಗ್ಗೆಯಿಂದ ಫೋನು ನಿಂತಿಲ್ಲ. ಎಲ್ಲರಿಗೂ ಉತ್ತರಿಸಲು ಆಗುತ್ತಿಲ್ಲ, ಕೆಲವರಿಗಂತೂ ಫೋನಿನಲ್ಲಿ ಹೇಳಿದರೆ ಸಾಲದು. ಅದಕ್ಕೇ ಬರೆಯುತ್ತಿದ್ದೇನೆ.

ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ. ಹೋದ ವರ್ಷವೇ ಪಾಯಿಂಟ್ ಸಿಕ್ಕಿತ್ತಲ್ಲ, ಹೆಸರು ಈಗ ಯಾಕೆ ಬಂತು ಅಂತ. ಒಂದು ಟೂರ್ನಿಯ ಪಾಯಿಂಟ್ ಹಿಡಿದುಕೊಂಡು ಹೋದರೆ ಪಟ್ಟಿಗೆ ಸೇರಿಸುವುದಿಲ್ಲ. ಮೂರು ಟೂರ್ನಿಗಳಲ್ಲಿ ಪಾಯಿಂಟ್ ಬರಬೇಕು, ಇಲ್ಲವೇ ಒಟ್ಟು 10 ಆಗಬೇಕು. ನಾನು ಆಡುವುದು ಡಬ್ಲ್ಯು15, ಅಂದರೆ ಒಟ್ಟು ಬಹುಮಾನ 15,000 ಡಾಲರ್ ಇರುವ, ಎಲ್ಲಕ್ಕಿಂತ ಕೆಳಗಿನ ಮಟ್ಟದ ಟೂರ್ನಿ. ಅಲ್ಲಿ ಮೇನ್ ಡ್ರಾದ, ಅಂದರೆ ಮುಖ್ಯ ಹಂತದ, ಮೊದಲ ಪಂದ್ಯ ಗೆದ್ದರೆ 1 ಪಾಯಿಂಟ್, ಸೋತರೆ ಸೊನ್ನೆ. ಅದಕ್ಕೆ ಸೇರಲು ಮೊದಲು ಆಡುವ ಕ್ವಾಲಿಫೈಯಿಂಗ್‌ನಲ್ಲಿ ಗೆದ್ದದ್ದಕ್ಕೆ ಪಾಯಿಂಟೂ ಇಲ್ಲ, ದುಡ್ಡೂ ಇಲ್ಲ. ಸಿಕ್ಕ ಪಾಯಿಂಟ್ ಉಳಿಯುವುದು 52 ವಾರ ಮಾತ್ರ. ನನಗೆ ಮೊದಲ ಎರಡು ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ, ಟುನೀಶಿಯಾದ ಮೊನಾಸ್ಟಿರ್‌ನಲ್ಲಿ. ಆಮೇಲೆ ಮಣಿಕಟ್ಟು ಕೈಕೊಟ್ಟಿತು, ಐದು ತಿಂಗಳು ರ್ಯಾಕೆಟ್ ಮುಟ್ಟಲಿಲ್ಲ. ಮೂರನೆಯದು ಬಂದದ್ದು ಈ ಜುಲೈ ಕೊನೆಗೆ. ಇನ್ನು ಮೂರು ವಾರ ತಡವಾಗಿದ್ದರೆ ಮೊದಲನೆಯದು ಉದುರಿಹೋಗುತ್ತಿತ್ತು.

ಮೊದಲು ಅಮ್ಮನ ಸಂಘದವರಿಗೆ. ಅಪ್ಪನ ಆಟೋ ದುಡಿಮೆಯಲ್ಲಿ ವಿಮಾನದ ಟಿಕೆಟ್ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಸಂಘದ ಸಾಲಕ್ಕೆ ನಮ್ಮ ಸರದಿ ಇನ್ನೂ ಬಂದಿರಲಿಲ್ಲ. ಆದರೂ ನೀವು ಹತ್ತು ಜನ ಕೂತು ಮಾತಾಡಿ, ನಿಮ್ಮ ಸರದಿ ಹಿಂದೆ ಹಾಕಿಕೊಂಡು 60,000 ರೂಪಾಯಿ ಕೊಟ್ಟಿರಿ. ಅದರಲ್ಲಿ ಒಬ್ಬರ ಮನೆಯ ಹೆಂಚು ಆ ಮಳೆಗಾಲದಲ್ಲಿ ಸೋರುತ್ತಿತ್ತು. ಅದು ನನಗೆ ತಿಂಗಳುಗಟ್ಟಲೆ ಆದಮೇಲೆ ಗೊತ್ತಾಯಿತು. ಅಕ್ಕಾ, ಈ ಸಲದ ಬಹುಮಾನದ ದುಡ್ಡಿನಲ್ಲಿ ಮೊದಲ ಕಂತು ನಿಮ್ಮದು. ದುಡ್ಡು ಜಾಸ್ತಿ ಇಲ್ಲ. ಮೊದಲ ಸುತ್ತಿನಲ್ಲಿ ಸೋತರೆ 200 ಡಾಲರ್ ಕೂಡ ಬರುವುದಿಲ್ಲ. ಟೆನಿಸ್ ಆಟಗಾರ ಸುಮಿತ್ ನಾಗಲ್ ನಮ್ಮ ದೇಶದ ನಂಬರ್ ಒನ್ ಆಗಿದ್ದಾಗಲೇ, 2023ರಲ್ಲಿ, ತನ್ನ ಖಾತೆಯಲ್ಲಿ ಉಳಿದಿರುವುದು 900 ಯೂರೋ ಅಂದಿದ್ದರು. ಅದನ್ನು ಓದಿದ ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಎದ್ದು ಹೊಲಿಗೆ ಮಷೀನಿನ ಮುಂದೆ ಕೂತರು, ಆಟ ಬಿಡು ಅಂತ ಮಾತ್ರ ಹೇಳಲಿಲ್ಲ.

2024ರ ಆಗಸ್ಟ್ 7, ನಾನು ಹೊರಡುವ ದಿನ. ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಮೂರು ವಾರ ಆಗಿತ್ತಷ್ಟೆ, ಊರಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ನಡುರಾತ್ರಿ, ಗೋವಾಕ್ಕೆ ಹೋಗುವ ದಾರಿಯಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕಾರವಾರದ ನಮ್ಮ ಕೋಡಿಬಾಗದಲ್ಲಿ ಎಲ್ಲರೂ ರಸ್ತೆಯಲ್ಲಿದ್ದರು. ಹೊಸ ಸೇತುವೆಯ ಮೇಲೂ ಗಾಡಿ ಬಿಡುತ್ತಿರಲಿಲ್ಲ, ಗೋವಾದಿಂದ ನನ್ನ ವಿಮಾನ. ಇಂಥ ಹೊತ್ತಲ್ಲಿ ಆಟಕ್ಕೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಲು ನನಗೇ ಆಗಲಿಲ್ಲ. ಪಕ್ಕದ ಮನೆ ಮಾವ ಬಂದು, "ರೈಲು ಇದ್ಯಲ್ಲ ತಂಗಿ, ನಡಿ" ಅಂದರು. ಮಳೆಯಲ್ಲೇ ಸ್ಕೂಟರಿನ ಹಿಂದೆ ಕಿಟ್ ಬ್ಯಾಗ್ ಕಟ್ಟಿ ಶಿರವಾಡ ಸ್ಟೇಷನ್ ಮುಟ್ಟಿಸಿದರು. ಮಾವ, ನಾನು ಅವತ್ತು ಥ್ಯಾಂಕ್ಸ್ ಕೂಡ ಹೇಳದೆ ಓಡಿಬಿಟ್ಟೆ. ಇವತ್ತು ಹೇಳುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಜೂನ್ ಬಂದರೆ ಕೋರ್ಟ್ ಮುಗಿಯಿತು. ಬಾಲ್ ನೀರು ಕುಡಿದು ಕಲ್ಲಾಗುತ್ತದೆ, ರ್ಯಾಕೆಟ್‌ನ ಗಟ್ (ತಂತಿ) ಸಡಿಲವಾಗುತ್ತದೆ. ದೊಡ್ಡ ಊರಿನ ಒಂದು ಅಕಾಡೆಮಿಯಲ್ಲಿ ಸ್ವಲ್ಪ ದಿನ ಇದ್ದೆ, ಫೀಸ್ ತಡವಾದದ್ದಕ್ಕೆ ಕಳಿಸಿದರು. ಅದು ಆಯಿತು ಹೋಯಿತು. ಆದರೆ ವಾಪಸ್ ಬಂದಾಗ ಮಳೆಗಾಲ ಶುರುವಾಗಿತ್ತು, ಆಡಲು ಒಂದು ಗೋಡೆಯೂ ಇರಲಿಲ್ಲ. ಆಗ ನನ್ನ ಕೋಚ್ ಸರ್‌ಗೆ ಕಾರವಾರದ ಮೀನುಗಾರಿಕಾ ಬಂದರು ಬೈತಖೋಲ್ ನೆನಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ಬಂದ್. ಬೋಟ್ ಇಲ್ಲ ಅಂದರೆ ಐಸ್ ಬೇಡ, ಐಸ್ ಪ್ಲಾಂಟಿನ ಶೆಡ್ ಖಾಲಿ! ಮಾಲೀಕರು ಬಾಡಿಗೆ ಕೇಳಲಿಲ್ಲ, ಬೀಗದ ಕೈ ಕೊಟ್ಟರು. ಅಲ್ಲೇ ಒಂದು ಬದಿಗೆ ಬಲೆ ರಿಪೇರಿ ಮಾಡುವವರು ಕೂತಿರುತ್ತಿದ್ದರು. ಬಾಲ್ ಪದೇ ಪದೇ ಅವರ ನಡುವೆ ಬೀಳುತ್ತಿತ್ತು. ಮೂರನೇ ದಿನ ನಾನು ಹೋಗುವಷ್ಟರಲ್ಲಿ ಅವರೇ ಒಂದು ಹಳೇ ಬಲೆಯನ್ನು ಅಡ್ಡ ಕಟ್ಟಿದ್ದರು. ಗೋಡೆಗೆ ಮೂರು ಅಡಿ ಎತ್ತರಕ್ಕೆ ಸುಣ್ಣದ ಗೆರೆ ಎಳೆದಿದ್ದರು, ನೆಟ್ ಎಷ್ಟು ಎತ್ತರ ಅಂತ ಸರ್ ಹತ್ತಿರ ಕೇಳಿಕೊಂಡು. ತಗಡಿನ ಮೇಲೆ ಮಳೆ ಬಿದ್ದರೆ ಬಾಲ್ ಹೊಡೆದ ಸದ್ದೇ ಕೇಳುವುದಿಲ್ಲ. ಸರ್ ಬೆರಳಲ್ಲೇ ಎಣಿಕೆ ತೋರಿಸುತ್ತಿದ್ದರು. ದಿನಕ್ಕೆ ಸಾವಿರ ಹೊಡೆತ. ಮಣಿಕಟ್ಟು ವಾಸಿಯಾದ ಮೇಲೆ ನಾನು ಮತ್ತೆ ಬ್ಯಾಕ್‌ಹ್ಯಾಂಡ್ ಕಲಿತದ್ದು ಅಲ್ಲೇ.

ಸರ್ ಬಗ್ಗೆ ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ನೌಕಾದಳದಿಂದ ನಿವೃತ್ತರಾದ ಮೇಲೆ ಆರಾಮಾಗಿ ಇರಬಹುದಿತ್ತು, ಅಲ್ವಾ? ಎಂಟು ವರ್ಷದಿಂದ ನನ್ನ ರ್ಯಾಕೆಟ್‌ಗಳ ಗಟ್ಟಿಂಗ್ ಅವರ ಅಡುಗೆಮನೆಯ ಮೇಜಿನ ಮೇಲೇ ಆಗುತ್ತಿದೆ. ಅಷ್ಟೇ ಬರೆಯುತ್ತೇನೆ ಸರ್.

ಈ ಜುಲೈನಲ್ಲಿ ಮೊನಾಸ್ಟಿರ್‌ನಲ್ಲಿ ಕ್ವಾಲಿಫೈಯಿಂಗ್‌ನ ಕೊನೇ ಪಂದ್ಯ ಮೂರನೇ ಸೆಟ್ ಬದಲು ಹತ್ತು ಪಾಯಿಂಟಿಗೆ ಆಡುವ ಮ್ಯಾಚ್ ಟೈಬ್ರೇಕ್‌ಗೆ ಹೋಯಿತು, 10-8ರಲ್ಲಿ ಗೆದ್ದೆ. ಎರಡು ದಿನ ಬಿಟ್ಟು ಮೇನ್ ಡ್ರಾದ ಪಂದ್ಯ. ಅದನ್ನು ಬಲೆಯವರು ಶೆಡ್‌ನಲ್ಲಿ ಕೂತು, ಒಂದೇ ಫೋನಿನಲ್ಲಿ ಲೈವ್ ಸ್ಕೋರ್ ನೋಡಿದರಂತೆ. ವಿಡಿಯೋ ಇಲ್ಲ, ಬರೀ ಅಂಕಿ. ಗೆದ್ದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ, ಅಪ್ಪ ಮಾತಾಡಲಿಲ್ಲ. ಅವರ ಕೈಯಿಂದ ಫೋನ್ ತಗೊಂಡು ಯಾರೋ ಕೂಗಿದರು, "ಮೂರಾಯ್ತು ತಂಗಿ!" ಹಿಂದೆ ಮಳೆಯ ಸದ್ದು. ಶೆಡ್ಡೇ ಅಂತ ಗೊತ್ತಾಯಿತು.

ಆಗಸ್ಟ್ 1ರಿಂದ ಬೋಟ್ ಮತ್ತೆ ಹೊರಟಿವೆ, ಶೆಡ್ ತುಂಬ ಈಗ ಐಸ್ ಇದೆ. ಮೀನು ಚೆನ್ನಾಗಿ ಸಿಗಲಿ. ಗೋಡೆಗೆ ಬಣ್ಣ ಹೊಡೆಸುವುದಿದ್ದರೆ ಆ ಗೆರೆ ಮಾತ್ರ ಬಿಡಿ, ಜೂನ್‌ಗೆ ಬರುತ್ತೇನೆ.