ಗೆಳೆಯನಿಗೊಂದು ಪತ್ರ: ಟೊಂಕಿನ್ ಕೊಲ್ಲಿಯ ಆ ರಾತ್ರಿ, ಆಮೇಲಿನ ಒಂದು ವರ್ಷ

ಪ್ರಿಯ ರಾಘವೇಂದ್ರ,

ನಿನ್ನ ಪತ್ರ ಓದಿದಾಗಿನಿಂದ ನಿನ್ನ ವಿದ್ಯಾರ್ಥಿನಿ ತರಗತಿಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮತ ಹಾಕಿ ಸರ್ಕಾರವನ್ನು ಇಳಿಸಬಲ್ಲ ಜನ, ದಿನವೂ ಪತ್ರಿಕೆ ಓದುವ ಜನ, ದೂರದ ದೇಶದ ಯುದ್ಧವೊಂದು ಬೆಳೆಯುತ್ತ ಹೋಗುವುದಕ್ಕೆ ಒಪ್ಪಿಗೆ ಕೊಡುವುದಾದರೂ ಹೇಗೆ? ಪ್ರಚಾರಕ್ಕೆ ಮರುಳಾಗುತ್ತಾರೆ ಎಂದು ನೀನು ಹೇಳಿದೆಯಂತೆ, ಅವಳಿಗೆ ಸಮಾಧಾನವಾಗಲಿಲ್ಲವಂತೆ. ಅವಳ ಅಸಮಾಧಾನ ಸರಿಯಾದದ್ದೇ. ಮರುಳಾದರು ಎಂದುಬಿಟ್ಟರೆ ಜನ ದಡ್ಡರಾಗಿದ್ದರು ಎಂದಷ್ಟೇ ಅರ್ಥ ಉಳಿಯುತ್ತದೆ. ವಿಯೆಟ್ನಾಂ ಯುದ್ಧದ ಬಗ್ಗೆ ಇಷ್ಟು ವರ್ಷ ಓದಿದ ಮೇಲೆ ನನಗೆ ಅನ್ನಿಸುವುದು ಬೇರೆ. ಯುದ್ಧ ಬೇಕೇ ಎಂದು ಅಮೆರಿಕದ ಜನರನ್ನು ಯಾರೂ ಯಾವತ್ತೂ ಕೇಳಲೇ ಇಲ್ಲ. ಪ್ರತಿ ಸಲವೂ ಅವರ ಮುಂದೆ ಇಟ್ಟದ್ದು ಇನ್ನೊಂದು ಪ್ರಶ್ನೆ. ಮರ್ಯಾದಸ್ಥರಾರೂ ಇಲ್ಲ ಎನ್ನಲಾಗದಂಥ, ಸಣ್ಣ, ಸುಲಭದ ಪ್ರಶ್ನೆ. ಅದು ಹೇಗೆ ನಡೆಯಿತು ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ.

ಆಗ ವಿಯೆಟ್ನಾಂ ಎರಡಾಗಿತ್ತು: ಕಮ್ಯುನಿಸ್ಟರ ಉತ್ತರ, ಅಮೆರಿಕ ಬೆಂಬಲಿಸುತ್ತಿದ್ದ ದಕ್ಷಿಣ. 1964ರ ಆಗಸ್ಟ್ 2ರ ಮಧ್ಯಾಹ್ನ, ಉತ್ತರ ವಿಯೆಟ್ನಾಮಿನ ಕರಾವಳಿಗೆ ಹೊಂದಿಕೊಂಡ ಟೊಂಕಿನ್ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದ್ದ ಅಮೆರಿಕದ ಯುದ್ಧನೌಕೆ ಮ್ಯಾಡಾಕ್ಸ್ ಮೇಲೆ ಉತ್ತರದ ಮೂರು ಟಾರ್ಪೆಡೋ ದೋಣಿಗಳು ಏರಿ ಬಂದವು. ಇದು ನಿಜವಾಗಿ ನಡೆದದ್ದು. ನೌಕೆಗೆ ತಗುಲಿದ್ದು ಒಂದೇ ಒಂದು ಮಷಿನ್ ಗನ್ ಗುಂಡು. ಅದರಲ್ಲಿದ್ದವರು ಯಾರಿಗೂ ಗಾಯವಾಗಲಿಲ್ಲ. ಮೊದಲು ಗುಂಡು ಹಾರಿಸಿದ್ದು ಮ್ಯಾಡಾಕ್ಸ್, ಎಚ್ಚರಿಕೆಯ ಗುಂಡು ಎಂಬ ಲೆಕ್ಕದಲ್ಲಿ. ಜನರಿಗೆ ತಿಳಿಸದೆ ಬಿಟ್ಟದ್ದು ಅದರ ಹಿಂದಿನ ಕತೆ. ಜುಲೈ 30ರ ರಾತ್ರಿ, ಅಮೆರಿಕವೇ ಯೋಜಿಸಿ, ದೋಣಿ ಕೊಟ್ಟು, ತರಬೇತಿ ಕೊಟ್ಟ ದಕ್ಷಿಣ ವಿಯೆಟ್ನಾಮಿನ ಕಮಾಂಡೋಗಳು ಅದೇ ಕರಾವಳಿಯ ಹೊನ್ ಮೆ, ಹೊನ್ ಙು ಎಂಬ ದ್ವೀಪಗಳ ಮೇಲೆ ದಾಳಿ ನಡೆಸಿದ್ದರು. ಮ್ಯಾಡಾಕ್ಸ್ ಅಲ್ಲಿದ್ದದ್ದು ಶತ್ರುವಿನ ರೇಡಿಯೋ ಸಂಕೇತಗಳನ್ನು ಕದ್ದು ಕೇಳುವುದಕ್ಕೆ. ಇದಿಷ್ಟನ್ನು ಮರೆಮಾಡಿದರೆ ಉಳಿಯುವ ಚಿತ್ರ ಎಂಥದ್ದು ನೋಡು: ತನ್ನ ಪಾಡಿಗೆ ಸಾಗರದಲ್ಲಿ ಹೋಗುತ್ತಿದ್ದ ಹಡಗಿನ ಮೇಲೆ ಕಾರಣವಿಲ್ಲದೆ ಎರಗಿದ ಶತ್ರು. ಒಂದು ಸುಳ್ಳನ್ನೂ ಹೇಳದೆ ಇಂಥ ಚಿತ್ರ ಕಟ್ಟಬಹುದು.

ಎರಡು ದಿನ ಕಳೆದು, ಆಗಸ್ಟ್ 4ರ ರಾತ್ರಿ. ಈಗ ಮ್ಯಾಡಾಕ್ಸ್ ಜೊತೆ ಟರ್ನರ್ ಜಾಯ್ ಎಂಬ ಇನ್ನೊಂದು ನೌಕೆ. ಕಾರ್ಗತ್ತಲು, ಬಿರುಗಾಳಿ, ಎದ್ದು ಬೀಳುವ ಅಲೆಗಳು. ರಾಡಾರ್ ಪರದೆಯ ಮೇಲೆ ಚುಕ್ಕೆಗಳು ಮೂಡಿ ಮಾಯವಾಗುತ್ತಿದ್ದವು. ಎರಡು ದಿನದ ಹಿಂದಷ್ಟೇ ದಾಳಿ ಕಂಡಿದ್ದವರು ಕಿವಿ ನಿಮಿರಿಸಿ ಕೂತಿದ್ದರು. ನೀರಿನೊಳಗಿನ ಸದ್ದು ಹಿಡಿಯುವ ಉಪಕರಣವಾದ ಸೋನಾರ್‌ನ ಮುಂದೆ ಕೂತವನಿಗೆ ಟಾರ್ಪೆಡೋ ಸದ್ದು ಕೇಳಿತು. ನೌಕೆ ಗಕ್ಕನೆ ತಿರುಗಿತು. ತಿರುಗಿದಾಗ ಮತ್ತೊಂದು ಸದ್ದು, ಮತ್ತೊಂದು ತಿರುವು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಟಾರ್ಪೆಡೋಗಳು ವರದಿಯಾದವು. ನೌಕೆ ರಭಸದಿಂದ ತಿರುಗುವಾಗ ಅದರದೇ ಚುಕ್ಕಾಣಿ ಮತ್ತು ಪ್ರೊಪೆಲ್ಲರ್‌ನ ಸದ್ದು ಸೋನಾರ್‌ಗೆ ಹಾಗೆ ಕೇಳಿಸಿರಬೇಕು ಎಂಬ ಅನುಮಾನ ಹುಟ್ಟಿದ್ದು ತರುವಾಯ. ಎರಡೂ ನೌಕೆಗಳು ಕತ್ತಲಿನೊಳಕ್ಕೆ ನೂರಾರು ಗುಂಡುಗಳನ್ನು ಹಾರಿಸಿದವು. ಮೇಲೆ ಹಾರಾಡುತ್ತ ದೋಣಿಗಳಿಗಾಗಿ ಹುಡುಕುತ್ತಿದ್ದ ನೌಕಾಪಡೆಯ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್‌ಗೆ ಒಂದು ದೋಣಿಯೂ ಕಾಣಲಿಲ್ಲ. ಕಂಡದ್ದು ಕಪ್ಪು ನೀರು ಮತ್ತು ತನ್ನವರದೇ ಗುಂಡಿನ ಬೆಳಕು. ಬೆಳಗಾದ ಮೇಲೆ ಉತ್ತರದ ಮೇಲೆ ಬಾಂಬ್ ಹಾಕಲು ಹೊರಟ ಮುಂಚೂಣಿಯ ಪೈಲಟ್‌ಗಳಲ್ಲಿ ಅವನೂ ಒಬ್ಬ.

ನೌಕೆಗಳ ಹೊಣೆ ಹೊತ್ತಿದ್ದ ಕ್ಯಾಪ್ಟನ್ ಜಾನ್ ಹೆರಿಕ್ ಪ್ರಾಮಾಣಿಕ ಅಧಿಕಾರಿ. ಕೆಲವೇ ಗಂಟೆಗಳಲ್ಲಿ ಅವರು ಸಂದೇಶ ಕಳಿಸಿದರು: ವರದಿಯಾದ ಅನೇಕ ಸಂಪರ್ಕಗಳೂ ಟಾರ್ಪೆಡೋಗಳೂ ಅನುಮಾನಾಸ್ಪದ, ವಿಚಿತ್ರ ಹವೆ, ಅತ್ಯುತ್ಸಾಹದ ಸೋನಾರ್ ಸಿಬ್ಬಂದಿ ಕಾರಣವಿರಬಹುದು, ಮ್ಯಾಡಾಕ್ಸ್‌ನಿಂದ ಕಣ್ಣಾರೆ ಕಂಡವರಿಲ್ಲ, ಮುಂದಿನ ಯಾವುದೇ ಕ್ರಮಕ್ಕೆ ಮೊದಲು ಪೂರ್ತಿ ಪರಿಶೀಲನೆ ಆಗಲಿ. ಆರಂಭದಲ್ಲಿ ಹೊಂಚು ಹಾಕುವ ಯತ್ನ ನಡೆದಂತಿದೆ ಎಂದೂ ಅವರು ಆಮೇಲೆ ಸೇರಿಸಿದರು, ಅದನ್ನೂ ಹೇಳಬೇಕು. ಆದರೆ ವಾಷಿಂಗ್ಟನ್‌ನಲ್ಲಿ ಆ ಹೊತ್ತಿಗೆ ದಾಳಿಯ ಗುರಿಗಳ ಪಟ್ಟಿ ಸಿದ್ಧವಾಗುತ್ತಿತ್ತು. ಅಲ್ಲಿನ ಸಮಯ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಲಿವಿಷನ್ ಮುಂದೆ ಬಂದರು. ವಿಮಾನಗಳು ಗುರಿ ಮುಟ್ಟುವ ಮೊದಲೇ ಪ್ರತಿದಾಳಿಯನ್ನು ಸಾರಿದರು. ಅವರು ಹೇಳಿದ ಒಂದು ಮಾತನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: ಯುದ್ಧ ಹರಡುವುದು ನಮಗೆ ಈಗಲೂ ಬೇಕಿಲ್ಲ.

ಅವತ್ತು ಆ ಟೆಲಿವಿಷನ್ ಮುಂದೆ ನೀನೋ ನಾನೋ ಕೂತಿದ್ದರೆ ಏನೆನ್ನುತ್ತಿದ್ದೆವು? ನಮ್ಮ ನಾವಿಕರ ಮೇಲೆ ಎರಡು ಸಲ ದಾಳಿಯಾಗಿದೆ, ಅಧ್ಯಕ್ಷರು ಅಳೆದು ತೂಗಿ ಒಂದೇ ಒಂದು ಏಟು ಕೊಟ್ಟಿದ್ದಾರೆ, ಇದಕ್ಕಿಂತ ಹೆಚ್ಚಿನದು ಬೇಡ ಎಂದೂ ಹೇಳುತ್ತಿದ್ದಾರೆ. ತಲೆದೂಗದೆ ಇರಲು ಕಾರಣವೇ ಇರಲಿಲ್ಲ. ವಿಯೆಟ್ನಾಂ ವಿಷಯದಲ್ಲಿ ಜಾನ್ಸನ್ ನಡೆಯನ್ನು ಮೆಚ್ಚುವವರ ಪ್ರಮಾಣ ಹ್ಯಾರಿಸ್ ಸಮೀಕ್ಷೆಯಲ್ಲಿ ಶೇ 42ರಿಂದ ಒಮ್ಮೆಗೇ ಶೇ 72ಕ್ಕೆ ಏರಿತು. ಶಾಂತಿ ಬಯಸುವವನೂ ಒಪ್ಪಿದ, ಸೇಡು ಬಯಸುವವನೂ ಒಪ್ಪಿದ. ಯುದ್ಧೋನ್ಮಾದದ ಭಾಷಣದಿಂದ ಇಂಥ ಫಲ ಸಿಗುತ್ತಿರಲಿಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಮೂರನೆಯ ದಿನಕ್ಕೆ, ಆ ಪ್ರದೇಶದಲ್ಲಿ ಅಗತ್ಯವೆನಿಸಿದ ಸೇನಾ ಕ್ರಮ ಕೈಗೊಳ್ಳುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಗೊತ್ತುವಳಿ ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾಯಿತು. ಅದರ ಕರಡನ್ನು ವಿದೇಶಾಂಗ ಇಲಾಖೆಯ ವಿಲಿಯಂ ಬಂಡಿ ಮತ್ತಿತರರು ಬೇಸಿಗೆಯ ಆರಂಭದಲ್ಲೇ, ಕೊಲ್ಲಿಯ ಘಟನೆ ನಡೆಯುವ ವಾರಗಳ ಮೊದಲೇ ತಯಾರಿಸಿಟ್ಟುಕೊಂಡಿದ್ದರು, ಸಂದರ್ಭವೊಂದು ಬೇಕಿತ್ತು. ಜನಪ್ರತಿನಿಧಿ ಸಭೆಯಲ್ಲಿ 416 ಮತ, ವಿರುದ್ಧ ಸೊನ್ನೆ. ಸೆನೆಟ್‌ನಲ್ಲಿ 88ಕ್ಕೆ 2. ಆ ಇಬ್ಬರು ಆರೆಗಾನ್ ರಾಜ್ಯದ ವೇಯ್ನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ದ್ವೀಪಗಳ ಮೇಲಿನ ದಾಳಿಗೂ ನೌಕೆಗೂ ಸಂಬಂಧವಿತ್ತೇ ಎಂದು ಮೋರ್ಸ್ ಸಮಿತಿಯಲ್ಲಿ ಕೆದಕಿದರು. ಪೆಂಟಗನ್‌ನ ಅಧಿಕಾರಿಯೊಬ್ಬರು ಅವರ ಕಿವಿಗೆ ಹಾಕಿದ್ದ ಸುಳಿವು ಅದು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಕೊಟ್ಟ ಉತ್ತರ: ಅಂಥ ಕಾರ್ಯಾಚರಣೆ ನಡೆದಿದ್ದರೂ ನಮ್ಮ ನೌಕಾಪಡೆಗೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ, ಅದರ ಅರಿವೂ ಇರಲಿಲ್ಲ. ಇದು ಸುಳ್ಳು, ಮತ್ತು ಬೇಕೆಂದೇ ಹೇಳಿದ ಸುಳ್ಳು ಎಂಬುದು ನನ್ನ ಅಭಿಪ್ರಾಯ.

ಆದರೆ ನನಗೆ ಇದಕ್ಕಿಂತ ನೋವು ತರುವುದು ಸೆನೆಟ್‌ನ ಇನ್ನೆರಡು ಸಣ್ಣ ಸಂಭಾಷಣೆಗಳು. ಗೊತ್ತುವಳಿಯನ್ನು ಸದನದಲ್ಲಿ ನಡೆಸಿಕೊಟ್ಟವರು ವಿದೇಶಾಂಗ ಸಮಿತಿಯ ಅಧ್ಯಕ್ಷ ವಿಲಿಯಂ ಫುಲ್‌ಬ್ರೈಟ್, ಬಹಳ ಓದಿಕೊಂಡ, ಸಜ್ಜನ ರಾಜಕಾರಣಿ. ಕೆಂಟಕಿಯ ಜಾನ್ ಶೆರ್ಮನ್ ಕೂಪರ್ ನೇರವಾಗಿ ಕೇಳಿದರು: ಯುದ್ಧಕ್ಕೆ ಕೊಂಡೊಯ್ಯಬಲ್ಲಷ್ಟು ಬಲ ಬಳಸಬೇಕೆಂದು ಅಧ್ಯಕ್ಷರು ಮುಂದೆ ನಿರ್ಧರಿಸಿದರೆ, ಆ ಅಧಿಕಾರವನ್ನು ನಾವು ಇಲ್ಲಿಯೇ ಕೊಟ್ಟುಬಿಡುತ್ತಿದ್ದೇವೆಯೇ? ನಾನು ಅದನ್ನು ಹಾಗೆಯೇ ಅರ್ಥೈಸುತ್ತೇನೆ ಎಂದರು ಫುಲ್‌ಬ್ರೈಟ್. ವಿಸ್ಕಾನ್ಸಿನ್‌ನ ಗೇಲಾರ್ಡ್ ನೆಲ್ಸನ್ ತಿದ್ದುಪಡಿಯೊಂದನ್ನು ತಂದರು: ಅಮೆರಿಕದ ಪಾತ್ರ ನೆರವು, ತರಬೇತಿ, ಸಲಹೆಗಳಿಗೆ ಸೀಮಿತವಾಗಿರಲಿ. ನಿಮ್ಮ ಮಾತು ಅಧ್ಯಕ್ಷರ ನೀತಿಯನ್ನೇ ಹೇಳುತ್ತದೆ, ಆದರೆ ಸೇರಿಸಿದರೆ ಎರಡು ಸದನಗಳ ಪಠ್ಯ ಬೇರೆಯಾಗಿ ತಡವಾಗುತ್ತದೆ ಎಂದು ಹೇಳಿ ಅವರನ್ನು ಕೂರಿಸಲಾಯಿತು. ಯಾತಕ್ಕಾಗಿ ಅಷ್ಟು ಅವಸರ? ದಾಳಿಗೆ ಉತ್ತರ ಕೊಟ್ಟಾಗಿತ್ತು, ಸಮುದ್ರ ಶಾಂತವಾಗಿತ್ತು. ಆದರೂ ದೇಶ ಒಗ್ಗಟ್ಟಾಗಿ ಕಾಣಬೇಕಾದ ಹೊತ್ತು ಇದು ಎಂಬ ಮಾತಿನ ಮುಂದೆ ವಿಚಾರವಂತರೂ ಬಾಯಿ ಮುಚ್ಚಿದರು. ಸಂಶಯ ಇದ್ದವರು ಹಲವರು, ವಿರುದ್ಧ ಮತ ಹಾಕಿದವರು ಇಬ್ಬರು.

ಅದು ಚುನಾವಣೆಯ ವರ್ಷ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಯುದ್ಧಪ್ರಿಯರೆಂದು ಹೆಸರಾಗಿದ್ದವರು. ಜಾನ್ಸನ್ ಅಕ್ಟೋಬರ್ 21ರಂದು ಒಹಾಯೋದ ಆಕ್ರನ್‌ನಲ್ಲಿ, ಏಷ್ಯಾದ ಹುಡುಗರು ತಾವೇ ಮಾಡಿಕೊಳ್ಳಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಒಂಬತ್ತು ಹತ್ತು ಸಾವಿರ ಮೈಲಿ ದೂರ ಕಳಿಸುವುದಿಲ್ಲ ಎಂದರು. ಶೇ 61ರಷ್ಟು ಮತ ಪಡೆದು ಗೆದ್ದರು. ಯುದ್ಧ ಬೇಡವೆಂದೇ ಅವರಿಗೆ ಮತ ಹಾಕಿದವರು ಅದೆಷ್ಟೋ ಮಂದಿ.

ಮುಂದಿನ ವರ್ಷದ್ದು, ಅಂದರೆ 1965ರದ್ದು, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ, ಏಕೆಂದರೆ ಟೊಂಕಿನ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಇದರ ಬಗ್ಗೆ ಕಡಿಮೆ. ಫೆಬ್ರುವರಿಯಲ್ಲಿ ದಕ್ಷಿಣ ವಿಯೆಟ್ನಾಮಿನ ಪ್ಲೇಕೂ ಎಂಬಲ್ಲಿ ಅಮೆರಿಕದ ನೆಲೆಯ ಮೇಲೆ ದಾಳಿಯಾಯಿತು. ಮಾರ್ಚ್ 2ರಿಂದ ಉತ್ತರದ ಮೇಲೆ ನಿರಂತರ ಬಾಂಬ್ ದಾಳಿ ಶುರುವಾಯಿತು. ವಿಮಾನ ಹಾರಿಸಿದರೆ ವಿಮಾನ ನಿಲ್ದಾಣವನ್ನು ಕಾಯಬೇಕಲ್ಲ? ಮಾರ್ಚ್ 8ರಂದು ಸುಮಾರು 3,500 ಮರೀನ್ ಯೋಧರು ದನಾಂಗ್ ಕಡಲತೀರದಲ್ಲಿ ಇಳಿದರು, ಕಾವಲಿಗೆ ಎಂದು. ಏಪ್ರಿಲ್ 6ರ ರಹಸ್ಯ ಆದೇಶವೊಂದು ಆ ಕಾವಲಿನವರು ಹೊರಗೆ ಹೋಗಿ ಹೋರಾಡಬಹುದು ಎಂದಿತು. ಆ ಆದೇಶದಲ್ಲಿ ಸೈನ್ಯದ ಬಗ್ಗೆ ಇರುವಷ್ಟೇ ಮುತುವರ್ಜಿ ಜನರ ಕಣ್ಣಿನ ಬಗ್ಗೆಯೂ ಇದೆ: ಅಕಾಲಿಕ ಪ್ರಚಾರವನ್ನು ಎಲ್ಲ ಮುನ್ನೆಚ್ಚರಿಕೆಯಿಂದ ತಪ್ಪಿಸಬೇಕು, ನೀತಿ ದಿಢೀರನೆ ಬದಲಾಯಿತು ಎಂದು ತೋರಬಾರದು, ಈ ಬದಲಾವಣೆಗಳು ನಿಧಾನವಾದವು, ಈಗಿನ ನೀತಿಗೆ ಪೂರ್ತಿ ಹೊಂದುವಂಥವು ಎಂದು ತಿಳಿಯುವಂತಿರಬೇಕು. ಮರುದಿನವೇ ಜಾನ್ಸನ್ ಬಾಲ್ಟಿಮೋರ್‌ನಲ್ಲಿ ಮಾತುಕತೆಗೆ ಸಿದ್ಧ ಎಂದರು, ಮೆಕಾಂಗ್ ನದಿ ಕಣಿವೆ ಸೇರಿದಂತೆ ಆ ಪ್ರದೇಶದ ಅಭಿವೃದ್ಧಿಗೆ ನೂರು ಕೋಟಿ ಡಾಲರ್ ಕೊಡುವ ಮಾತಾಡಿದರು. ಜೂನ್ 8ರಂದು ವಿದೇಶಾಂಗ ಇಲಾಖೆಯ ವಕ್ತಾರರು ಸೈನಿಕರು ಯುದ್ಧಕ್ಕೂ ಲಭ್ಯ ಎಂದು ಬಾಯಿಬಿಟ್ಟಾಗ, ಮಾರನೆಯ ದಿನ ಶ್ವೇತಭವನ, ಅಂಥ ಬದಲಾವಣೆಯೇನೂ ಆಗಿಲ್ಲ ಎಂದಿತು.

ಜುಲೈ 28ಕ್ಕೆ ಬರೋಣ. ಸೇನಾಬಲವನ್ನು 75,000ದಿಂದ 1,25,000ಕ್ಕೆ ಏರಿಸುವ ತೀರ್ಮಾನ. ಮನೆಮಂದಿಯೆಲ್ಲ ಟೆಲಿವಿಷನ್ ಮುಂದೆ ಸೇರುವ ರಾತ್ರಿಯ ಹೊತ್ತನ್ನು ಬಿಟ್ಟು, ನಟ್ಟ ನಡು ಮಧ್ಯಾಹ್ನದ ಪತ್ರಿಕಾಗೋಷ್ಠಿಯಲ್ಲಿ ಅದನ್ನು ಹೇಳಲಾಯಿತು. ಅದೇ ಗೋಷ್ಠಿಯಲ್ಲಿ ಸುಪ್ರೀಂ ಕೋರ್ಟ್‌ಗೆ ಏಬ್ ಫೋರ್ಟಾಸ್ ಅವರ ಹೆಸರೂ ಪ್ರಕಟವಾಯಿತು. ಮೀಸಲು ಪಡೆಯನ್ನು ಕರೆಯುವುದಿಲ್ಲ, ತುರ್ತು ಪರಿಸ್ಥಿತಿ ಇಲ್ಲ, ಹೊಸ ತೆರಿಗೆಯ ಮಾತೇ ಇಲ್ಲ. ಕಡ್ಡಾಯ ಸೇನಾ ಸೇವೆಗೆ ತಿಂಗಳಿಗೆ 17,000 ಮಂದಿಯನ್ನು ಕರೆಯುತ್ತಿದ್ದದ್ದು 35,000ಕ್ಕೆ ಏರುತ್ತದೆ, ಅಷ್ಟೇ. ಕಾಲೇಜಿನಲ್ಲಿ ಓದುವ ಹುಡುಗರಿಗೆ ವಿನಾಯಿತಿ ಇತ್ತು. ಹಾಗಾಗಿ ಪತ್ರಿಕೆಗೆ ಬರೆಯಬಲ್ಲ, ಸಂಸದನಿಗೆ ಫೋನ್ ಮಾಡಬಲ್ಲ ಮನೆಗಳಿಗೆ ಆ ಸುದ್ದಿ ಮೊದಲು ತಟ್ಟಲಿಲ್ಲ. ಮೀಸಲು ಪಡೆ ಕರೆದಿದ್ದರೆ ಪ್ರತಿ ಊರಿನ ಅಂಗಡಿ, ಕಚೇರಿ, ಬ್ಯಾಂಕುಗಳಿಂದ ಗಂಡಸರು ಏಕಾಏಕಿ ಎದ್ದು ಹೋಗುತ್ತಿದ್ದರು. ಜಾನ್ಸನ್ ಇದನ್ನು ಬಲ್ಲವರು. ವೃದ್ಧರಿಗೆ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಕಾಯ್ದೆಗೆ ಎರಡು ದಿನದಲ್ಲಿ, ಕಪ್ಪು ಜನರ ಮತದಾನದ ಹಕ್ಕಿನ ಕಾಯ್ದೆಗೆ ಒಂಬತ್ತು ದಿನದಲ್ಲಿ ಸಹಿ ಬೀಳುವುದಿತ್ತು. ಯುದ್ಧದ ಬಿರುಸಿನ ಚರ್ಚೆ ಎದ್ದರೆ ತಾವು ಪ್ರೀತಿಯಿಂದ ಕಟ್ಟುತ್ತಿದ್ದದ್ದೆಲ್ಲ ಕುಸಿಯುತ್ತದೆ ಎಂಬ ಭಯ ಅವರಿಗಿತ್ತು. ರಾಘು, ಈ ಮನುಷ್ಯನನ್ನು ಬರಿಯ ಖಳನನ್ನಾಗಿ ಮಾಡಿ ಮುಗಿಸಲು ನನ್ನಿಂದ ಆಗದಿರುವುದು ಇದೇ ಕಾರಣಕ್ಕೆ. ಒಳ್ಳೆಯ ಕೆಲಸಗಳನ್ನು ಉಳಿಸಿಕೊಳ್ಳಲು ಆತ ಯುದ್ಧವನ್ನು ಮರೆಯಲ್ಲಿಟ್ಟು ಬೆಳೆಸಿದ. ಅದಕ್ಕೇ ಆ ತಪ್ಪು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಆ ಆಗಸ್ಟ್‌ನಲ್ಲಿ ಗ್ಯಾಲಪ್ ಸಮೀಕ್ಷೆ ಕೇಳಿದಾಗ, ಸೈನ್ಯ ಕಳಿಸಿದ್ದು ತಪ್ಪು ಎಂದವರು ಶೇ 24 ಮಾತ್ರ. ಆ ಹೊತ್ತಿಗೆ ಅಲ್ಲಿ ತಮ್ಮ ಮನೆಗಳ ಮಕ್ಕಳು ಸೈನಿಕರಾಗಿ ಇದ್ದರು, ಗುಂಡಿನ ಎದುರು ಇದ್ದರು. ತಪ್ಪು ಎಂದರೆ ಅವರನ್ನು ಕೈಬಿಟ್ಟಂತೆ. ಕಳಿಸುವ ಮೊದಲು ಕೇಳದೆ, ಕಳಿಸಿದ ಮೇಲೆ ಕೇಳಿದರೆ ಉತ್ತರ ಹೀಗೆಯೇ ಬರುತ್ತದೆ. ಆ ವರ್ಷದ ಕೊನೆಗೆ ಅಲ್ಲಿದ್ದ ಅಮೆರಿಕದ ಸೈನಿಕರು 1,84,000. 1968ರಲ್ಲಿ ಐದು ಲಕ್ಷಕ್ಕೂ ಮಿಕ್ಕಿ. 1967ರ ನವೆಂಬರ್‌ನಲ್ಲಿ ಸೇನಾಧಿಪತಿ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ರಣರಂಗದಿಂದ ಕರೆತಂದು, ಕೊನೆ ಕಣ್ಣಿಗೆ ಬೀಳುತ್ತಿದೆ ಎಂದು ಹೇಳಿಸಲಾಯಿತು. ಎರಡೇ ತಿಂಗಳಲ್ಲಿ, ಟೆಟ್ ಎಂಬ ವಿಯೆಟ್ನಾಮಿನ ಹೊಸ ವರ್ಷದ ಹಬ್ಬದ ಹೊತ್ತಿಗೆ, ಟೆಟ್ ದಾಳಿ ನಡೆದು ದಕ್ಷಿಣದ ರಾಜಧಾನಿ ಸೈಗಾನ್‌ನ ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕೇ ಶತ್ರು ನುಗ್ಗಿದ. ಟೆಲಿವಿಷನ್ ಅದನ್ನು ಮನೆಮನೆಗೆ ತೋರಿಸಿತು. ಸರ್ಕಾರದ ಮಾತಿಗೆ ಬೆಲೆ ಉಳಿಯಲಿಲ್ಲ.

ಫುಲ್‌ಬ್ರೈಟ್ ಬಹಳ ಬೇಗ ಪಶ್ಚಾತ್ತಾಪಪಟ್ಟರು. 1966ರಿಂದಲೇ ಸಮಿತಿಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಮೋರ್ಸ್, ಗ್ರೂನಿಂಗ್ ಇಬ್ಬರೂ 1968ರಲ್ಲಿ ಸ್ಥಾನ ಕಳೆದುಕೊಂಡರು. ಸರಿಯಾಗಿ ಮತ ಹಾಕಿದವರಿಗೆ ಆ ಕಾಲ ಕೊಟ್ಟ ಉಡುಗೊರೆ ಅದು, ನೆನೆದರೆ ಈಗಲೂ ಸಂಕಟವಾಗುತ್ತದೆ. ಗೊತ್ತುವಳಿ ರದ್ದಾಗಿದ್ದು 1971ರ ಜನವರಿಯಲ್ಲಿ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕೊನೆಗೆ ಸತ್ತ ಅಮೆರಿಕದವರು 58,000ಕ್ಕೂ ಹೆಚ್ಚು. ವಿಯೆಟ್ನಾಂ ಸರ್ಕಾರ 1995ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಲ್ಲಿನ ನಾಗರಿಕರೇ ಇಪ್ಪತ್ತು ಲಕ್ಷ.

ಆಗಸ್ಟ್ 4ರ ರಾತ್ರಿಯ ಬಗ್ಗೆ ಕಡೆಯ ಮಾತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಇತಿಹಾಸಕಾರ ರಾಬರ್ಟ್ ಹ್ಯಾನ್ಯಾಕ್ ತಮ್ಮ ಸಂಸ್ಥೆಯದೇ ಕಡತಗಳನ್ನು ಜಾಲಾಡಿ, ಆ ರಾತ್ರಿ ದಾಳಿ ನಡೆಯಲಿಲ್ಲ ಎಂದು ಬರೆದರು. ದಾಳಿಯಾಯಿತು ಎಂಬ ಮಾತಿಗೆ ಹೊಂದುವ ರೇಡಿಯೋ ಸಂದೇಶಗಳನ್ನು ಮಾತ್ರ ಮೇಲಕ್ಕೆ ಕಳಿಸಿ, ಹೊಂದದ ಬಹುಪಾಲನ್ನು ಕೆಳಗೇ ಉಳಿಸಿಕೊಳ್ಳಲಾಗಿತ್ತು ಎಂದು ತೋರಿಸಿದರು. ಅವರ ಲೇಖನ ಸಂಸ್ಥೆಯ ಒಳಗಿನ ಪತ್ರಿಕೆಯಲ್ಲಿ 2001ರಲ್ಲಿ ಬಂತು. ಹೊರಜಗತ್ತಿಗೆ ಸಿಕ್ಕಿದ್ದು 2005ರ ನವೆಂಬರ್ ಕೊನೆಗೆ. ಈ ನಡುವೆ 2003ರಲ್ಲಿ ಇರಾಕ್ ಯುದ್ಧ ಶುರುವಾಗಿತ್ತು. ಅದಕ್ಕೆ ಬಳಸಿದ ಗುಪ್ತಚರ ಮಾಹಿತಿಯೊಂದಿಗೆ ಜನ ಹೋಲಿಸಿ ನೋಡಿಯಾರು ಎಂಬ ಅಳುಕಿನಿಂದ ಮೇಲಧಿಕಾರಿಗಳು ಲೇಖನವನ್ನು ತಡೆಹಿಡಿದಿದ್ದರು ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ,
ಸುರೇಶ